ವಿಷುವದ ದಿನ ಹಗಲು ರಾತ್ರಿ ಯಾಕೆ ಸಮ ಇರೋದಿಲ್ಲ? ನಿಮ್ಮ ಅಕ್ಷಾಂಶಕ್ಕೆ ನೀವೇ ಲೆಕ್ಕ ಹಾಕಿ

ಮಾರ್ಚ್ 20-21 ಅಥವಾ ಸೆಪ್ಟೆಂಬರ್ 22-23 ಹತ್ತಿರ ಬಂತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. "ಇವತ್ತು ಹಗಲು ರಾತ್ರಿ ಸಮ ಅಂತಾರೆ, ಫೋನಲ್ಲಿ ನೋಡಿದ್ರೆ ಹಗಲು 12 ಗಂಟೆ 7 ನಿಮಿಷ ತೋರಿಸ್ತಿದೆ, ಯಾವುದು ತಪ್ಪು?" ಫೋನ್ ಸರಿಯಾಗಿಯೇ ಇದೆ. ಶಾಲೆಯಲ್ಲಿ ಕಲಿತ ಮಾತು ಸ್ವಲ್ಪ ಅಂದಾಜಿನದು, ಅಷ್ಟೇ.

ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿ ಹೋಗಿದೆ, ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಓದಿ ಮುಗಿಸುವಾಗ ನಿಮಗೆ ಎರಡು ಉತ್ತರ ಸಿಕ್ಕಿರಬೇಕು. ಆ ಏಳು ನಿಮಿಷ ಎಲ್ಲಿಂದ ಬಂತು ಅನ್ನೋದು ಒಂದು. ನೀವಿರುವ ಜಾಗದಲ್ಲಿ ಹಗಲು ರಾತ್ರಿ ನಿಜವಾಗಿ ಸಮ ಆಗುವ ದಿನ ಯಾವುದು ಅನ್ನೋದು ಇನ್ನೊಂದು. ಈ ಎರಡನೆಯದರಲ್ಲೇ ಜಾಸ್ತಿ ಜನ ಎಡವುತ್ತಾರೆ. "ವಿಷುವಕ್ಕೆ ಮೂರ್ನಾಲ್ಕು ದಿನ ಮೊದಲು" ಅನ್ನುವ ಉತ್ತರ ಎಲ್ಲ ಕಡೆ ಓಡಾಡುತ್ತಿದೆ, ಆದರೆ ಅದು ಎಲ್ಲರಿಗೂ ಹೊಂದುವ ಉತ್ತರ ಅಲ್ಲ.

ಏನೇನು ಬೇಕು

ಸೈನ್ ಮತ್ತು ಕೊಸೈನ್ ಬಟನ್ ಇರುವ ಕ್ಯಾಲ್ಕುಲೇಟರ್ ಬೇಕು. ಬಹಳಷ್ಟು ಫೋನುಗಳಲ್ಲಿ ಕ್ಯಾಲ್ಕುಲೇಟರನ್ನು ಅಡ್ಡ ತಿರುಗಿಸಿದರೆ ಸಾಕು, ಈ ಬಟನ್‌ಗಳು ಕಾಣುತ್ತವೆ. ನಿಮ್ಮ ಅಕ್ಷಾಂಶ ಗೊತ್ತಿರಬೇಕು, ಅಂದರೆ ಸಮಭಾಜಕ ವೃತ್ತದಿಂದ ನೀವು ಎಷ್ಟು ಡಿಗ್ರಿ ಉತ್ತರಕ್ಕೋ ದಕ್ಷಿಣಕ್ಕೋ ಇದ್ದೀರಿ ಅನ್ನುವ ಸಂಖ್ಯೆ. ನಕಾಶೆಯ ಯಾವ ಆಪ್ ಆದರೂ ತೋರಿಸುತ್ತದೆ. ನಿಮ್ಮ ಜಾಗದ ಸೂರ್ಯೋದಯ, ಸೂರ್ಯಾಸ್ತದ ಒಂದು ತಿಂಗಳ ಪಟ್ಟಿ ಇದ್ದರೆ ಕೊನೆಗೆ ತಾಳೆ ನೋಡಬಹುದು. ಇದರ ಜೊತೆಗೆ ಒಂದು ಬಟ್ಟಲು, ಒಂದು ನಾಣ್ಯ, ಒಂದು ಚೊಂಬು ನೀರು. ಅದು ಮೂರನೇ ಹಂತಕ್ಕೆ.

ಶುರು ಮಾಡುವ ಮೊದಲು ಒಂದು ಪದ ತಿಳಿದಿರಲಿ. ಆಕಾಶದಲ್ಲಿ ದೂರವನ್ನು ಡಿಗ್ರಿಯಲ್ಲಿ ಅಳೆಯುತ್ತಾರೆ. ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲಿಗೆ ಕಲೆ ಅಂತ ಹೆಸರು. ಇಂಗ್ಲಿಷಿನ ಜಾಡಿನಲ್ಲಿ ಇದನ್ನೂ "ಮಿನಿಟ್" ಅಂತಲೇ ಕರೆಯೋದರಿಂದ ಸಮಯದ ಮಿನಿಟ್ ಜೊತೆ ಕಲಸಿಹೋಗುತ್ತದೆ, ಆ ಒಂದು ಗೊಂದಲದಿಂದಲೇ ಎಷ್ಟೋ ಜನರ ಲೆಕ್ಕ ಕೆಟ್ಟಿದೆ. ಹಾಗಾಗಿ ಇಲ್ಲಿ ಕೋನಕ್ಕೆ ಕಲೆ, ಹೊತ್ತಿಗೆ ನಿಮಿಷ. ನಮ್ಮ ಹಳೆಯ ಪದವೇ ವಾಸಿ.

ಹಂತ 1: ಎರಡು ವ್ಯಾಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ

ವಿಷುವ ಅನ್ನೋದು ಒಂದು ದಿನ ಅಲ್ಲ, ಒಂದು ಕ್ಷಣ. ಭೂಮಿಯ ಸಮಭಾಜಕ ವೃತ್ತವನ್ನು ಹಾಗೇ ಆಕಾಶದವರೆಗೂ ಚಾಚಿದರೆ ಅಲ್ಲೊಂದು ಗೆರೆ ಸಿಗುತ್ತದೆ ಅಂದುಕೊಳ್ಳಿ. ಸೂರ್ಯನ ಬಿಂಬದ ನಡುಬಿಂದು ಆ ಗೆರೆಯನ್ನು ದಾಟುವ ಕ್ಷಣವೇ ವಿಷುವ. ಮಾರ್ಚಿನಲ್ಲಿ ದಕ್ಷಿಣದಿಂದ ಉತ್ತರಕ್ಕೆ ದಾಟುತ್ತಾನೆ, ಸೆಪ್ಟೆಂಬರಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ. ಭೂಮಿ ಸೂರ್ಯನ ಸುತ್ತ ಒಂದು ಸುತ್ತು ಮುಗಿಸಲು 365 ದಿನದ ಮೇಲೆ ಸುಮಾರು ಆರು ಗಂಟೆ ಬೇಕು, ಅದಕ್ಕೇ ಈ ಕ್ಷಣ ವರ್ಷ ವರ್ಷ ಅಷ್ಟಷ್ಟು ಮುಂದಕ್ಕೆ ಹೋಗಿ ಅಧಿಕ ವರ್ಷದಲ್ಲಿ ಮತ್ತೆ ಹಿಂದಕ್ಕೆ ಬರುತ್ತದೆ. ತಾರೀಕು ಅತ್ತಿತ್ತ ಆಗೋದು ಇದರಿಂದಲೇ.

ಈಗ ಸೂರ್ಯೋದಯದ ವ್ಯಾಖ್ಯೆ ನೋಡಿ. ಬಿಂಬದ ಮೇಲಿನ ಅಂಚು ದಿಗಂತದಲ್ಲಿ ಇಣುಕಿದ ಹೊತ್ತು ಸೂರ್ಯೋದಯ. ಅದೇ ಮೇಲಿನ ಅಂಚು ಮರೆಯಾದ ಹೊತ್ತು ಸೂರ್ಯಾಸ್ತ.

ವಿಷುವದ ಲೆಕ್ಕ ಬಿಂಬದ ನಡುವಿನದು, ಹಗಲಿನ ಲೆಕ್ಕ ಬಿಂಬದ ಅಂಚಿನದು. ಅದರ ಮೇಲೆ, ವಿಷುವದ ಲೆಕ್ಕಕ್ಕೆ ಗಾಳಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಸೂರ್ಯೋದಯ ಹಾಗಲ್ಲ, ಕಣ್ಣಿಗೆ ಕಂಡದ್ದನ್ನು ಗಾಳಿಯ ಮೂಲಕವೇ ಕಾಣಬೇಕು. ಇಡೀ ತಕರಾರು ಇಷ್ಟೇ. ಸೂರ್ಯ ಸೂಜಿಮೊನೆಯಷ್ಟು ಚಿಕ್ಕವನಾಗಿದ್ದು, ಭೂಮಿಗೆ ಗಾಳಿಯೇ ಇಲ್ಲದಿದ್ದರೆ ವಿಷುವದ ದಿನ ಹಗಲು ಹೆಚ್ಚುಕಮ್ಮಿ 12 ಗಂಟೆಯೇ ಇರುತ್ತಿತ್ತು.

ಹಂತ 2: ಅರ್ಧ ಬಿಂಬದ ಲೆಕ್ಕ ತೆಗೆಯಿರಿ

ಭೂಮಿಯಿಂದ ನೋಡಿದರೆ ಸೂರ್ಯನ ಬಿಂಬ ಸುಮಾರು 32 ಕಲೆ ಅಗಲ. ಅರ್ಧ ಅಂದರೆ 16 ಕಲೆ. ಬಿಂಬದ ನಡು ದಿಗಂತಕ್ಕೆ ಬರುವ ಮೊದಲೇ ಮೇಲಿನ ಅಂಚು ಬಂದಿರುತ್ತದೆ, ಸಂಜೆ ನಡು ಮುಳುಗಿದ ಮೇಲೂ ಅಂಚು ಉಳಿದಿರುತ್ತದೆ. ಬೆಳಿಗ್ಗೆ 16 ಕಲೆ ಲಾಭ, ಸಂಜೆ 16 ಕಲೆ ಲಾಭ. 16 ಅಂತ ಬರೆದಿಟ್ಟುಕೊಂಡು ಮುಂದೆ ಹೋಗಿ.

ಒಂದು ಎಚ್ಚರಿಕೆ. ಕೆಲವು ಪಟ್ಟಿಗಳು ಬಿಂಬದ ನಡುಭಾಗ ದಿಗಂತಕ್ಕೆ ಬಂದ ಹೊತ್ತನ್ನೇ ಸೂರ್ಯೋದಯ ಅಂತ ಕೊಡುತ್ತವೆ. ಎರಡು ಪಟ್ಟಿಗಳಲ್ಲಿ ಒಂದೆರಡು ನಿಮಿಷ ವ್ಯತ್ಯಾಸ ಕಂಡರೆ ಯಾವುದೋ ಒಂದು ತಪ್ಪು ಅಂತ ತಕ್ಷಣ ತೀರ್ಮಾನ ಮಾಡಬೇಡಿ, ಯಾವ ವ್ಯಾಖ್ಯೆ ಹಿಡಿದಿದ್ದಾರೆ ಅಂತ ಮೊದಲು ನೋಡಿ.

ಹಂತ 3: ಬಟ್ಟಲಲ್ಲಿ ನಾಣ್ಯ ಹಾಕಿ

ಇದನ್ನು ಓದಿ ಬಿಡಬೇಡಿ, ಮಾಡಿ ನೋಡಿ. ಎರಡೇ ನಿಮಿಷದ ಕೆಲಸ.

ಆಚೆಗಿನದು ಕಾಣದಂಥ ಬಟ್ಟಲು ತಗೊಳ್ಳಿ, ಗಾಜಿನದು ಬೇಡ. ತಳದಲ್ಲಿ ನಾಣ್ಯ ಇಡಿ. ಬಟ್ಟಲನ್ನೇ ನೋಡುತ್ತಾ ಮೆಲ್ಲಗೆ ಹಿಂದೆ ಸರಿಯಿರಿ. ನಾಣ್ಯ ಬಟ್ಟಲಿನ ಅಂಚಿನ ಹಿಂದೆ ಆಗಷ್ಟೇ ಮರೆಯಾಯಿತು ಅನ್ನುವಾಗ ನಿಂತುಬಿಡಿ, ತಲೆ ಅಲ್ಲಾಡಿಸಬೇಡಿ. ಇನ್ನೊಬ್ಬರ ಕೈಲಿ ಬಟ್ಟಲಿಗೆ ನಿಧಾನಕ್ಕೆ ನೀರು ಹುಯ್ಯಿಸಿ. ಜೋರಾಗಿ ಹುಯ್ದರೆ ನಾಣ್ಯವೇ ಜರುಗಿಬಿಡುತ್ತದೆ, ಆಮೇಲೆ ಏನು ನೋಡಿದಿರೋ ಗೊತ್ತಾಗುವುದಿಲ್ಲ. ನೀರು ಏರುತ್ತಿದ್ದ ಹಾಗೆ ನಾಣ್ಯದ ಒಂದು ಅಂಚು, ಆಮೇಲೆ ಅರ್ಧ, ಆಮೇಲೆ ಪೂರ್ತಿ ನಾಣ್ಯ ಎದ್ದು ಬಂದಂತೆ ಕಾಣುತ್ತದೆ. ನಾಣ್ಯ ಇದ್ದಲ್ಲೇ ಇದೆ, ನೀವೂ ಇದ್ದಲ್ಲೇ ಇದ್ದೀರಿ. ನೀರಿನಿಂದ ಹೊರಗೆ ಬರುವಾಗ ಬೆಳಕು ಬಾಗಿದೆ, ಆದರೆ ನಮ್ಮ ಕಣ್ಣಿಗೆ ಬೆಳಕು ನೆಟ್ಟಗೆ ಬಂತು ಅಂತಲೇ ನಂಬಿಕೆ, ಅದಕ್ಕೇ ನಾಣ್ಯ ಮೇಲೆ ಕಾಣುತ್ತದೆ. ಹೀಗೆ ಬೆಳಕು ಬಾಗುವುದಕ್ಕೆ ವಕ್ರೀಭವನ ಅಂತಾರೆ.

ಸೂರ್ಯನ ವಿಷಯದಲ್ಲಿ ಬಟ್ಟಲಿನ ಅಂಚಿನ ಜಾಗದಲ್ಲಿ ದಿಗಂತ, ನೀರಿನ ಜಾಗದಲ್ಲಿ ಗಾಳಿ. ಮೇಲೆ ತೆಳ್ಳಗಿರುವ ಗಾಳಿ ಕೆಳಗೆ ಬರುತ್ತಾ ದಟ್ಟವಾಗುತ್ತದೆ, ಹಾಗಾಗಿ ಬೆಳಕು ಒಂದೇ ಕಡೆ ಮುರಿಯದೆ ದಾರಿಯುದ್ದಕ್ಕೂ ಸ್ವಲ್ಪಸ್ವಲ್ಪವೇ ನೆಲದ ಕಡೆಗೆ ಬಾಗುತ್ತಾ ಬರುತ್ತದೆ. ಸೂರ್ಯ ನೆತ್ತಿಯ ಮೇಲಿದ್ದರೆ ಈ ಬಾಗು ಸೊನ್ನೆ. ಅರ್ಧ ಎತ್ತರದಲ್ಲಿ, ಅಂದರೆ 45 ಡಿಗ್ರಿಯಲ್ಲಿದ್ದರೆ ಬರೀ ಒಂದು ಕಲೆ. ದಿಗಂತಕ್ಕೆ ಬಂದಾಗ ಮಾತ್ರ ಸರ್ರನೆ ಏರಿ ಸುಮಾರು 34 ಕಲೆ ಆಗುತ್ತದೆ, ಯಾಕೆಂದರೆ ಅಲ್ಲಿಂದ ಬರುವ ಬೆಳಕು ಗಾಳಿಯ ಪದರವನ್ನು ಓರೆಯಾಗಿ, ಬಹಳ ಉದ್ದಕ್ಕೆ ಸೀಳಿಕೊಂಡು ಬರಬೇಕು.

ಈ 34 ಕಲೆಯನ್ನು ಬಿಂಬದ 32 ಕಲೆ ಪಕ್ಕ ಇಟ್ಟು ನೋಡಿ. ಬಾಗು ಬಿಂಬಕ್ಕಿಂತ ದೊಡ್ಡದು! ಸಮುದ್ರದ ಅಂಚಿಗೆ ಸೂರ್ಯನ ಕೆಳಭಾಗ ಈಗಷ್ಟೇ ತಾಕಿತು ಅಂತ ನೀವು ನೋಡುತ್ತಿರುವಾಗ ನಿಜವಾದ ಸೂರ್ಯ ಪೂರ್ತಿ ಮುಳುಗಿ ಆಗಿದೆ. ನೀವು ನೋಡುತ್ತಿರುವುದು ಎದ್ದು ಬಂದ ನಾಣ್ಯವನ್ನು. ದಿಗಂತದಲ್ಲಿ ಸೂರ್ಯ ಸ್ವಲ್ಪ ಚಪ್ಪಟೆಯಾಗಿ ಕಾಣೋದೂ ಇದರಿಂದಲೇ: ಕೆಳಗಿನ ಅಂಚನ್ನು ಗಾಳಿ ಜಾಸ್ತಿ ಎತ್ತುತ್ತದೆ, ಮೇಲಿನ ಅಂಚನ್ನು ಐದಾರು ಕಲೆ ಕಮ್ಮಿ ಎತ್ತುತ್ತದೆ, ನಡುವೆ ಬಿಂಬ ಅದುಮಿದಂತಾಗುತ್ತದೆ. ನೋಡುವ ಆಸೆ ಆದರೆ ಫೋಟೋದಲ್ಲಿ ನೋಡಿ. ಸುಮ್ನೆ ಸೂರ್ಯನನ್ನೇ ದಿಟ್ಟಿಸಬೇಡಿ, ಬೈನಾಕ್ಯುಲರ್ ಹಿಡಿದಂತೂ ಬೇಡವೇ ಬೇಡ.

ಹಂತ 4: ಕೂಡಿಸಿ, ಹೊತ್ತಿಗೆ ಬದಲಾಯಿಸಿ

16 + 34 = 50 ಕಲೆ. ಅಂದರೆ ನಡುಬಿಂದು ದಿಗಂತಕ್ಕಿಂತ 50 ಕಲೆ ಕೆಳಗಿರುವಾಗಲೇ ಹಗಲು ಶುರು, ಸಂಜೆ ಮತ್ತೆ 50 ಕಲೆ ಕೆಳಗೆ ಇಳಿದ ಮೇಲೆ ಹಗಲು ಮುಗಿಯುವುದು.

ಭೂಮಿ ತಿರುಗುವುದರಿಂದ ಸೂರ್ಯ ಆಕಾಶದಲ್ಲಿ ಗಂಟೆಗೆ 15 ಡಿಗ್ರಿ ಸರಿದಂತೆ ಕಾಣುತ್ತಾನೆ. ಒಂದು ಡಿಗ್ರಿಗೆ 4 ನಿಮಿಷ. ಒಂದು ಕಲೆಗೆ 4 ಸೆಕೆಂಡ್. ಹಾಗಾದರೆ 50 ಕಲೆಗೆ 200 ಸೆಕೆಂಡ್, ಅಂದರೆ 3 ನಿಮಿಷ 20 ಸೆಕೆಂಡ್. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ: ಒಟ್ಟು 6 ನಿಮಿಷ 40 ಸೆಕೆಂಡ್.

ಇದು ಸಮಭಾಜಕ ವೃತ್ತದ ಮೇಲಿನ ಲೆಕ್ಕ. ಅಲ್ಲಿ ವಿಷುವದ ದಿನ ಹಗಲು 12 ಗಂಟೆ 6 ನಿಮಿಷ 40 ಸೆಕೆಂಡ್. ಇದರಲ್ಲಿ ಗಾಳಿಯ ಪಾಲು ನಾಲ್ಕೂವರೆ ನಿಮಿಷ, ಬಿಂಬದ ಪಾಲು ಎರಡು ನಿಮಿಷದ ಚಿಲ್ಲರೆ.

ಇಲ್ಲಿ ಒಂದು ಸಣ್ಣ ಗುಂಡಿ ಇದೆ, ನೋಡಿಕೊಂಡು ಹೋಗಿ. ಹಗಲು 12 ಗಂಟೆಗಿಂತ 6 ನಿಮಿಷ 40 ಸೆಕೆಂಡ್ ಜಾಸ್ತಿ ಅಂದರೆ ರಾತ್ರಿಗಿಂತ ಅಷ್ಟೇ ಜಾಸ್ತಿ ಅಂತ ಅಲ್ಲ. ಹಗಲಿಗೆ ಸೇರಿದ್ದು ರಾತ್ರಿಯಿಂದಲೇ ಕಿತ್ತುಕೊಂಡದ್ದು ಅಲ್ವಾ? ಹಾಗಾಗಿ ಹಗಲಿಗೂ ರಾತ್ರಿಗೂ ಇರುವ ಅಂತರ ಅದರ ಎರಡರಷ್ಟು, 13 ನಿಮಿಷ 20 ಸೆಕೆಂಡ್. ಒಬ್ಬರು ಏಳು ಅಂತಾರೆ, ಇನ್ನೊಬ್ಬರು ಹದಿಮೂರು ಅಂತಾರೆ, ಇಬ್ಬರೂ ಸರಿಯಾಗಿದ್ದುಕೊಂಡೇ ಜಗಳ ಆಡುತ್ತಿರುತ್ತಾರೆ.

ಹಂತ 5: ನಿಮ್ಮ ಅಕ್ಷಾಂಶ ಸೇರಿಸಿ

ಸಮಭಾಜಕದ ಮೇಲೆ ವಿಷುವದ ಸೂರ್ಯ ದಿಗಂತದಿಂದ ನೆಟ್ಟಗೆ ಮೇಲೇರುತ್ತಾನೆ. ಉತ್ತರಕ್ಕೋ ದಕ್ಷಿಣಕ್ಕೋ ಸರಿದಷ್ಟೂ ಅವನ ದಾರಿ ಓರೆಯಾಗುತ್ತದೆ. ನೆಟ್ಟಗಿನ ಏಣಿಗಿಂತ ಓರೆಯ ಇಳಿಜಾರಿನಲ್ಲಿ ಅದೇ ಎತ್ತರ ಹತ್ತಲು ಜಾಸ್ತಿ ದೂರ ನಡೆಯಬೇಕು, ಹಾಗೇ ಅದೇ 50 ಕಲೆ ಏರಲು ಸೂರ್ಯನಿಗೆ ಜಾಸ್ತಿ ಹೊತ್ತು ಬೇಕು. ಲೆಕ್ಕ ಸುಲಭ: 6.67 ನಿಮಿಷವನ್ನು ನಿಮ್ಮ ಅಕ್ಷಾಂಶದ ಕೊಸೈನಿನಿಂದ ಭಾಗಿಸಿ.

15 ಡಿಗ್ರಿ ತಗೊಳ್ಳೋಣ. ಕೊಸೈನ್ 15 ಅಂದರೆ 0.966. 6.67 ÷ 0.966 = 6.9 ನಿಮಿಷ. ಹಗಲು 12 ಗಂಟೆ 6 ನಿಮಿಷ 54 ಸೆಕೆಂಡ್. ಶುರುವಿನಲ್ಲಿ ಫೋನ್ ತೋರಿಸಿದ 12 ಗಂಟೆ 7 ನಿಮಿಷ ಇದೇ. 30 ಡಿಗ್ರಿಯಲ್ಲಿ 7 ನಿಮಿಷ 42 ಸೆಕೆಂಡ್ ಜಾಸ್ತಿ, 45ರಲ್ಲಿ 9 ನಿಮಿಷ 26 ಸೆಕೆಂಡ್, 60ರಲ್ಲಿ 13 ನಿಮಿಷ 20 ಸೆಕೆಂಡ್.

ಕ್ಯಾಲ್ಕುಲೇಟರ್ ಡಿಗ್ರಿಯಲ್ಲೇ ಇದೆಯಾ ಅಂತ ಈಗಲೇ ನೋಡಿಬಿಡಿ. ಸೈನ್ 30 ಒತ್ತಿ. 0.5 ಬಂದರೆ ಸರಿ. ಮೈನಸ್ 0.988 ಬಂತು ಅಂದರೆ ಅದು ರೇಡಿಯನ್‌ನಲ್ಲಿದೆ, ರೇಡಿಯನ್ ಅಂದರೆ ಕೋನ ಅಳೆಯುವ ಇನ್ನೊಂದು ಅಳತೆ. ಬದಲಾಯಿಸದೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 6: ನಿಜವಾಗಿ ಸಮ ಆಗುವ ದಿನ ಹುಡುಕಿ

ಹಗಲು ರಾತ್ರಿ ಎರಡೂ 12 ಗಂಟೆಗೆ ತೀರಾ ಹತ್ತಿರ ಬರುವ ದಿನಕ್ಕೆ ಈಕ್ವಿಲಕ್ಸ್ ಅಂತ ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ ಸಮಹಗಲು ಅನ್ನೋಣ.

ಉತ್ತರ ಗೋಳದಲ್ಲಿ ಮಾರ್ಚಿನಲ್ಲಿ ಹಗಲು ಬೆಳೆಯುತ್ತಿರುತ್ತದೆ. ವಿಷುವದ ಹೊತ್ತಿಗೆ ಅದು ಆಗಲೇ 12 ಗಂಟೆ ದಾಟಿ ಏಳು ನಿಮಿಷ ಮುಂದಿದೆ, ಅಂದರೆ ಸಮ ಆದ ದಿನ ಕೆಲವು ದಿನಗಳ ಹಿಂದೆಯೇ ಕಳೆದುಹೋಗಿದೆ. ಸೆಪ್ಟೆಂಬರಿನಲ್ಲಿ ಹಗಲು ಕುಗ್ಗುತ್ತಿರುತ್ತದೆ, ಏಳು ನಿಮಿಷ ಇನ್ನೂ ಉಳಿದಿದೆ, ಸಮ ಆಗಲು ಕೆಲವು ದಿನ ಕಾಯಬೇಕು. ದಕ್ಷಿಣ ಗೋಳದಲ್ಲಿ ಇದು ಉಲ್ಟಾ: ಮಾರ್ಚಿನಲ್ಲಿ ವಿಷುವದ ನಂತರ, ಸೆಪ್ಟೆಂಬರಿನಲ್ಲಿ ಮೊದಲು.

ಎಷ್ಟು ದಿನ? ವಿಷುವದ ಆಸುಪಾಸಿನಲ್ಲಿ ಸೂರ್ಯ ದಿನಕ್ಕೆ ಸುಮಾರು 24 ಕಲೆ ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತಾನೆ. 50 ÷ 24 ಅಂದರೆ ಹತ್ತಿರ ಹತ್ತಿರ 2.1. ಈ 2.1ನ್ನು ನಿಮ್ಮ ಅಕ್ಷಾಂಶದ ಸೈನಿನಿಂದ ಭಾಗಿಸಿ. ಕೊಸೈನ್ ಅಲ್ಲ, ಈ ಸಲ ಸೈನ್. ಬಂದದ್ದು ದಿನಗಳ ಸಂಖ್ಯೆ.

60 ಡಿಗ್ರಿ: ಎರಡೂವರೆ ದಿನಕ್ಕೆ ಸ್ವಲ್ಪ ಕಮ್ಮಿ
45 ಡಿಗ್ರಿ: 3 ದಿನ
30 ಡಿಗ್ರಿ: 4 ದಿನ
20 ಡಿಗ್ರಿ: 6 ದಿನ
15 ಡಿಗ್ರಿ: 8 ದಿನ
10 ಡಿಗ್ರಿ: 12 ದಿನ

ಈ ಪಟ್ಟಿಯನ್ನು ಸ್ವಲ್ಪ ಹೊತ್ತು ನೋಡಿ. "ಮೂರ್ನಾಲ್ಕು ದಿನ" ಅನ್ನುವ ಉತ್ತರ ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ಲ? 30ರಿಂದ 45 ಡಿಗ್ರಿ ಅಕ್ಷಾಂಶದವರಿಗೆ ಅದು ಸರಿ. ಅದನ್ನೇ ಉಳಿದವರೂ ನಕಲು ಮಾಡಿಕೊಂಡರೆ 15 ಡಿಗ್ರಿಯಲ್ಲಿರುವವರ ಲೆಕ್ಕ ನಾಲ್ಕೈದು ದಿನ ತಪ್ಪುತ್ತದೆ. ಸಮಭಾಜಕಕ್ಕೆ ಹತ್ತಿರವಾದಷ್ಟೂ ದಿನ ಜಾಸ್ತಿ ಆಗುವುದಕ್ಕೆ ಕಾರಣ ಇದೆ, ಅಲ್ಲಿ ಹಗಲು ಬೆಳೆಯುವುದೇ ಆಮೆಯ ನಡಿಗೆಯಲ್ಲಿ. 45 ಡಿಗ್ರಿಯಲ್ಲಿ ಈ ದಿನಗಳಲ್ಲಿ ಹಗಲು ದಿನಕ್ಕೆ ಮೂರು ನಿಮಿಷಕ್ಕೂ ಜಾಸ್ತಿ ಬದಲಾಗುತ್ತದೆ, ಮೂರು ದಿನದಲ್ಲಿ ಒಂಬತ್ತು ನಿಮಿಷ ತೀರುತ್ತದೆ. 15 ಡಿಗ್ರಿಯಲ್ಲಿ ದಿನಕ್ಕೆ ಬರೀ 51 ಸೆಕೆಂಡ್. ಏಳು ನಿಮಿಷ ತೀರಲು ಎಂಟು ದಿನ ಬೇಕೇ ಬೇಕು.

ಹಾಗಾಗಿ 15 ಡಿಗ್ರಿ ಉತ್ತರದಲ್ಲಿ ವಿಷುವ ಮಾರ್ಚ್ 20ಕ್ಕೆ ಬಿದ್ದರೆ ಸಮಹಗಲು ಮಾರ್ಚ್ 12ರ ಸುಮಾರಿಗೆ, ಸೆಪ್ಟೆಂಬರ್ 23ಕ್ಕೆ ಬಿದ್ದರೆ ಅಕ್ಟೋಬರ್ 1ರ ಸುಮಾರಿಗೆ.

ರೇಡಿಯನ್ ವಿಷಯ ಆಗಲೇ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದ್ದಾಗ ಸೈನ್ 15 ಒತ್ತಿದರೆ 0.65 ಬರುತ್ತದೆ, 2.1 ÷ 0.65 ಅಂದರೆ 3.2 ದಿನ. "ಓ, ಮೂರ್ನಾಲ್ಕು ದಿನ, ಎಲ್ಲರೂ ಹೇಳೋದು ಇದೇ" ಅಂತ ಖುಷಿಯಾಗಿ ಮುಚ್ಚಿಡುತ್ತೀರಿ. ನಾನೂ ಒಂದು ಸಲ ಹಾಗೇ ಮುಚ್ಚಿಟ್ಟಿದ್ದೆ.

ಹಂತ 7: ಪಟ್ಟಿಯ ಜೊತೆ ತಾಳೆ ನೋಡಿ

ಪಟ್ಟಿಯಲ್ಲಿ ನೀವು ಲೆಕ್ಕ ಹಾಕಿದ ದಿನದ ಹಿಂದಿನ ಮೂರು ದಿನ, ಮುಂದಿನ ಮೂರು ದಿನ ತಗೊಂಡು ಸೂರ್ಯಾಸ್ತದಿಂದ ಸೂರ್ಯೋದಯ ಕಳೆಯಿರಿ. 12 ಗಂಟೆಗೆ ಹತ್ತಿರ ಇರುವುದು ಯಾವುದು ನೋಡಿ. ಪಟ್ಟಿಗಳಲ್ಲಿ ಸೆಕೆಂಡ್ ಬಿಟ್ಟು ಪೂರ್ತಿ ನಿಮಿಷ ಮಾತ್ರ ಕೊಡೋದರಿಂದ ಕಮ್ಮಿ ಅಕ್ಷಾಂಶದಲ್ಲಿ ಅಕ್ಕಪಕ್ಕದ ಎರಡು ದಿನಗಳೂ 12 ಗಂಟೆ ಸೊನ್ನೆ ನಿಮಿಷ ಅಂತ ತೋರಿಸಬಹುದು. ಅದು ನಿಮ್ಮ ತಪ್ಪಲ್ಲ. ಒಂದು ದಿನ ಆಚೀಚೆ ಆದರೆ ಬಿಟ್ಟುಬಿಡಿ, ಎರಡು ದಿನಕ್ಕಿಂತ ಜಾಸ್ತಿ ಆದರೆ ಮತ್ತೆ ಲೆಕ್ಕ ಹಾಕಿ.

ತಾಳೆ ನೋಡುವಾಗ ಜನ ಎಡವುವ ಕೆಲವು ಜಾಗಗಳು:

"ಸೂರ್ಯ 6ಕ್ಕೆ ಹುಟ್ಟಿ 6ಕ್ಕೆ ಮುಳುಗಬೇಕಲ್ವಾ?" ಬೇಕಿಲ್ಲ. ಗಡಿಯಾರ ಇಡೀ ಕಾಲವಲಯಕ್ಕೆ ಒಂದೇ, ಸೂರ್ಯ ಒಂದೊಂದು ಊರಿಗೆ ಒಂದೊಂದು ಹೊತ್ತಿಗೆ. ಅದೂ ಅಲ್ಲದೆ ಮಾರ್ಚ್ ವಿಷುವದಲ್ಲಿ ಸೂರ್ಯ ಗಡಿಯಾರಕ್ಕಿಂತ ಏಳೂವರೆ ನಿಮಿಷ ಹಿಂದೆ, ಸೆಪ್ಟೆಂಬರಿನಲ್ಲಿ ಹೆಚ್ಚುಕಮ್ಮಿ ಅಷ್ಟೇ ಮುಂದೆ ಇರುತ್ತಾನೆ. ಎರಡೂ ವಿಷುವಗಳ ಸೂರ್ಯೋದಯದ ನಡುವೆ ಕಾಲು ಗಂಟೆ ವ್ಯತ್ಯಾಸ ಇದ್ದರೂ ಹಗಲಿನ ಉದ್ದ ಒಂದೇ. ನೀವು ನೋಡಬೇಕಾದ್ದು ಉದ್ದವನ್ನು ಮಾತ್ರ.

"ಬೆಳಕು ಬರಲು ಎಂಟು ನಿಮಿಷ ಬೇಕು, ಅದಕ್ಕೇ ಹಗಲು ಜಾಸ್ತಿ." ಕೇಳಲು ಚೆನ್ನಾಗಿದೆ, ಸಂಖ್ಯೆಯೂ ಏಳರ ಹತ್ತಿರ ಇರುವುದರಿಂದ ಜನ ಬೇಗ ನಂಬುತ್ತಾರೆ. ಆದರೆ ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಸೂರ್ಯ ಹುಟ್ಟುವುದು ಮುಳುಗುವುದು ಭೂಮಿ ತಿರುಗುವುದರಿಂದ, ಬೆಳಕು ಎಡೆಬಿಡದೆ ಬರುತ್ತಲೇ ಇದೆ. ಆ ಎಂಟು ನಿಮಿಷದಿಂದ ಹಗಲಿನ ಉದ್ದಕ್ಕೆ ಏನೂ ಸೇರುವುದಿಲ್ಲ.

ಮುಸ್ಸಂಜೆಯ ಬೆಳಕನ್ನು ಹಗಲಿಗೆ ಸೇರಿಸಬೇಡಿ. ಸೂರ್ಯ 6 ಡಿಗ್ರಿ ಕೆಳಗೆ ಇಳಿಯುವವರೆಗೂ ಹೊರಗೆ ಕೆಲಸ ಮಾಡುವಷ್ಟು ಬೆಳಕು ಇರುತ್ತದೆ, ಸಮಭಾಜಕದಲ್ಲೂ ಅದು 20 ನಿಮಿಷ. ಅದನ್ನು ಸೇರಿಸಿದರೆ ಈ ಇಡೀ ಲೆಕ್ಕಕ್ಕೆ ಅರ್ಥವೇ ಇಲ್ಲ.

ಎತ್ತರದಿಂದ ನೋಡಿದರೆ ದಿಗಂತ ಕೆಳಗೆ ಜಾರುತ್ತದೆ. ಸಮುದ್ರಕ್ಕಿಂತ 100 ಮೀಟರ್ ಮೇಲೆ ನಿಂತರೆ ಸುಮಾರು 17 ಕಲೆ ಜಾಸ್ತಿ ಕಾಣುತ್ತದೆ, ಹಗಲಿಗೆ ಎರಡು ನಿಮಿಷದ ಮೇಲೆ ಸೇರಿತು ಅಂತ ಲೆಕ್ಕ. ಎದುರಿಗೆ ಗುಡ್ಡ ಇದ್ದರೆ ಹಗಲು ಕಮ್ಮಿ ಆಗುತ್ತದೆ. ಪಟ್ಟಿಗಳು ಸಾಮಾನ್ಯವಾಗಿ ಸಪಾಟಾದ ದಿಗಂತ ಅಂತ ಇಟ್ಟುಕೊಂಡೇ ಹೊತ್ತು ಕೊಡುತ್ತವೆ. ಜೊತೆಗೆ 34 ಕಲೆ ಅನ್ನೋದೂ ಒಂದು ಸರಾಸರಿ, ಆ ದಿನದ ಶಾಖ ಮತ್ತು ಗಾಳಿಯ ಒತ್ತಡದ ಮೇಲೆ ಬದಲಾಗುತ್ತದೆ. ಸೆಕೆಂಡಿಗೆ ಸೆಕೆಂಡ್ ಹೊಂದಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ.

ಹಂತ 8: ಸೂತ್ರ ಕೈಕೊಡುವ ಎರಡು ಜಾಗ

10 ಡಿಗ್ರಿಗಿಂತ ಕೆಳಗೆ 2.1ರ ಸೂತ್ರ ಒರಟಾಗುತ್ತದೆ, ಯಾಕೆಂದರೆ ಅಷ್ಟು ದಿನ ಹಿಂದೆ ಮುಂದೆ ಹೋದಾಗ ಸೂರ್ಯ ಸರಿಯುವ ವೇಗ 24 ಕಲೆಯಲ್ಲೇ ನಿಲ್ಲುವುದಿಲ್ಲ. 5 ಡಿಗ್ರಿಯಲ್ಲಿ ಸಮಹಗಲು ವಿಷುವದಿಂದ ಸುಮಾರು 25 ದಿನ ದೂರ. ಇನ್ನೂ ಒಳಗೆ ಹೋಗಿ ಸಮಭಾಜಕದಿಂದ ಎರಡು ಡಿಗ್ರಿಯ ಒಳಗೆ ಬಂದರೆ ಸಮಹಗಲು ಅನ್ನೋದೇ ಇಲ್ಲ. ವರ್ಷದ ಯಾವ ದಿನವೂ ಅಲ್ಲಿ ರಾತ್ರಿ ಹಗಲಿನ ಸಮ ಬರುವುದಿಲ್ಲ, ಹಗಲೇ ಯಾವಾಗಲೂ ಮುಂದು. ಹುಡುಕಿದ ದಿನ ಸಿಗಲಿಲ್ಲ ಅಂತ ಅಲ್ಲಿಂದ ಯಾರಾದರೂ ಕೇಳಿದರೆ, ಇರಲಿಲ್ಲ ಅಂತಲೇ ಉತ್ತರ.

ಇನ್ನೊಂದು ಜಾಗ ಧ್ರುವಗಳು. ಅಲ್ಲಿ ಕೊಸೈನ್ ಸೊನ್ನೆ, ಐದನೇ ಹಂತದ ಭಾಗಾಕಾರ ನಡೆಯುವುದೇ ಇಲ್ಲ. ಆದರೆ ಸೈನ್ 1, ಹಾಗಾಗಿ 2.1 ಅಲ್ಲಿಗೆ ಹಾಗೇ ಹೊಂದುತ್ತದೆ, ಅರ್ಥ ಮಾತ್ರ ಬೇರೆ. ಉತ್ತರ ಧ್ರುವದಲ್ಲಿ ಆರು ತಿಂಗಳ ರಾತ್ರಿ ಮುಗಿದು ಸೂರ್ಯನ ಅಂಚು ಕಾಣುವುದು ಮಾರ್ಚ್ ವಿಷುವಕ್ಕೆ ಎರಡು ದಿನ ಮೊದಲು. ದಕ್ಷಿಣ ಧ್ರುವದಲ್ಲಿ ಅದೇ ಸೂರ್ಯ ಪೂರ್ತಿ ಮುಳುಗುವುದು ವಿಷುವ ಕಳೆದು ಎರಡು ದಿನಕ್ಕೆ. ನಡುವಿನ ಆ ನಾಲ್ಕು ದಿನ ಎರಡೂ ಧ್ರುವಗಳಲ್ಲಿ ಒಟ್ಟಿಗೆ, 24 ಗಂಟೆಯೂ, ಸೂರ್ಯ ದಿಗಂತಕ್ಕೆ ಒರಗಿಕೊಂಡೇ ಸುತ್ತು ಹಾಕುತ್ತಿರುತ್ತಾನೆ.